ಹೆಪ್ಪು ಕೇಳಲು ಹೊರಟ ಓಣಿ

ಹೊಸ ಹುಬ್ಬಳ್ಳಿ,
ಫೆಬ್ರವರಿ ನಲವತ್ತೇಳು, 2309

ಮೂರು ಶತಮಾನ ಹಿಂದಿರುವ ಪೂಜ್ಯ ಹಿರಿಯರಿಗೆ ಸಾವಂತ್ರಿಯ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ಊರಿಗೆ ಅರಿಸಿನಕೆಮ್ಮು ಎಂಬ ಜಡ್ಡು ಬಂದಾಗ, ಫೆಬ್ರವರಿ ಮುಗಿಯುವವರೆಗೆ ಮಾತ್ರ ಲಾಕ್‌ಡೌನ್ ಎಂದು ನಮ್ಮನ್ನಾಳುವ ಕ್ಷೇಮಮಂಡಳಿ ಮಾತು ಕೊಟ್ಟಿತ್ತು. ಕೊಟ್ಟ ಮಾತಿಗೆ ತಪ್ಪುವ ಸರಕಾರವಲ್ಲ ನಮ್ಮದು. ಆದ್ದರಿಂದ ಫೆಬ್ರವರಿಯನ್ನೇ ಮುಗಿಸುತ್ತಿಲ್ಲ. ಮುಂದೆ ವಿಚಿತ್ರ ಶಬ್ದಗಳು ಬಂದರೆ ಕ್ಷಮಿಸಿ, ಅವೂ ಮಂಡಳಿಯವೇ. ಕಣ್ಹಕ್ಕಿ ಎಂದರೆ ಓಣಿಯ ಮೇಲೆ ಹಾರಾಡುತ್ತ, ಯಾರು ಸೀನಿದರೆಂದು ಚಾಡಿ ಹೇಳುವ ಯಂತ್ರ. ಶುಚಿಮನೆ ಎಂದರೆ ಸೀನಿದವರನ್ನೂ ಅಪ್ಪಣೆ ಮೀರಿದವರನ್ನೂ ಒಯ್ದು ಇಡುವ ಜಾಗ. ಒಳಗೆ ಹೋದವರು ಎಷ್ಟು ಸುಖವಾಗಿರುತ್ತಾರೆಂದರೆ, ಹೊರಗೆ ಬರಲು ಅವರಿಗೆ ಮನಸ್ಸೇ ಆಗುವುದಿಲ್ಲವಂತೆ.

ಊಟ, ಹಾಲು ಎಲ್ಲ ಗೋಡೆಯ ಕೊಳವೆಯಿಂದ ಬರುತ್ತದೆ. ಮೊಸರು ಮಾತ್ರ ಇಲ್ಲ. ಅದರಲ್ಲಿ ಜೀವಾಣುಗಳು ಗುಂಪುಗೂಡುತ್ತವೆ, ಗುಂಪುಗೂಡುವುದಕ್ಕೆ ನಿಷೇಧವಿದೆ. ನಾವು ಕದ್ದುಮುಚ್ಚಿ ಹಾಲಿಗೆ ಹೆಪ್ಪು ಹಾಕುತ್ತಿದ್ದೆವು. ಆದರೆ ಒಂದೊಂದೇ ಮನೆಯ ಹೆಪ್ಪು ಕೆಟ್ಟುಹೋಯಿತು. ಹೊರಗೆ ಕಾಲಿಡಲೂ ಬಿಡುವುದಿಲ್ಲವೆಂದು ಜನ ಗೊಣಗಿದಾಗ ಮಂಡಳಿ ದಯೆ ತೋರಿ, ದೀಪ ಹಚ್ಚಿದ ಮೇಲೆ ಸ್ವಲ್ಪ ಹೊತ್ತು ಹೊರಗೆ ಬರಲು ಅಪ್ಪಣೆ ಕೊಟ್ಟಿತು. ದೀಪ ಹಚ್ಚಿದ ಮೇಲೆ ಹೆಪ್ಪು ಕೊಟ್ಟರೆ ಮನೆಯ ಲಕ್ಷ್ಮಿ ಹೊರಟುಹೋಗುತ್ತಾಳೆ, ಯಾವ ಮನೆಯವರೂ ಕೊಡುವುದಿಲ್ಲ ಎಂಬುದು ಮಂಡಳಿಯ ಪಂಡಿತರಿಗೆ ಗೊತ್ತಿರಲಿಲ್ಲ. ಬಟ್ಟಲು ಹಿಡಿದು ಹೋದವರೆಲ್ಲ ಕುಶಲ ವಿಚಾರಿಸಿಕೊಂಡು ಬರಿಗೈಲಿ ಬಂದರು.

ನಮ್ಮ ಎದುರುಮನೆ ನೀಲವ್ವನ ಕೂಸಿಗೆ ವರ್ಷ ತುಂಬಿದೆ. ಹೊಟ್ಟೆ ಕೆಟ್ಟು ಮೊಸರನ್ನದ ಹೊರತು ಏನೂ ಒಲ್ಲದು. ಗಂಡನನ್ನು ಆಗಲೇ ಶುಚಿಮನೆಗೆ ಒಯ್ದಿದ್ದಾರೆ. ಇವಳನ್ನೂ ಒಯ್ದರೆ ಕೂಸನ್ನು ಕಣ್ಹಕ್ಕಿಯೇ ಸಾಕಬೇಕು. ಅಂಥವಳು ನಿನ್ನೆ ಮಟಮಟ ಮಧ್ಯಾಹ್ನ ಬಟ್ಟಲು ಹಿಡಿದು ಹೊರಬಿದ್ದಳು. ಕಾವಲಿನ ಯಮನೂರಪ್ಪ ಶುಚಿಮನೆಗೆ ಒಯ್ಯುವ ವ್ಯಾನಿನ ಬಾಗಿಲು ತೆಗೆದ.

“ಎಲ್ಲಿಗೆ ಹೊಂಟೀ ಯಕ್ಕಾ? ದೀಪ ಹಚ್ಚಿದ ಮ್ಯಾಲೆ ಬಾ.”

“ದೀಪ ಹಚ್ಚಿದ ಮ್ಯಾಲೆ ನಿಮ್ಮವ್ವ ಹೆಪ್ಪು ಕೊಡ್ತಿದ್ಲೇನೋ ತಮ್ಮಾ?”

ಯಮನೂರಪ್ಪ ಸರಕಾರಿ ಆದೇಶ ತೆಗೆದು ಇದಕ್ಕೆ ಉತ್ತರ ಹುಡುಕಿದ. ಅವನು ತಲೆ ಕೆರೆದುಕೊಳ್ಳುವಷ್ಟರಲ್ಲಿ ಪಕ್ಕದ ಮನೆಯ ಮುದುಕಿ ಗೌರವ್ವ ಬಟ್ಟಲು ಹಿಡಿದು ಬಂದಳು. ಆಮೇಲೆ ನಾನು, ಆಮೇಲೆ ಇಡೀ ಓಣಿ. ಘೋಷಣೆ ಇಲ್ಲ, ಬಾವುಟ ಇಲ್ಲ. ಎಲ್ಲರೂ ಎಲ್ಲರನ್ನೂ ಹೆಪ್ಪು ಕೇಳುವುದೇ. ಇಲ್ಲಿ ಯಾರಲ್ಲೂ ಇಲ್ಲವೆಂದು ಮುಂದಿನ ಓಣಿಗೆ ಹೋದೆವು, ಆ ಓಣಿಯವರೂ ಬಟ್ಟಲು ತಂದರು. ವ್ಯಾನಿನಲ್ಲಿ ಆರು ಮಂದಿಗೆ ಜಾಗ. ಕಣ್ಹಕ್ಕಿ ನಮ್ಮನ್ನು ಎಣಿಸುತ್ತ ಎಣಿಸುತ್ತ ಬಿಸಿಯೇರಿ ಚರಂಡಿಗೆ ಬಿತ್ತು. ಕೊನೆಗೆ ಕುಂಬಾರ ಓಣಿಯಲ್ಲಿ ಒಂದು ಗಡಿಗೆಯ ತಳದಲ್ಲಿ ಹೆಪ್ಪು ಸಿಕ್ಕಿತು. ಯಮನೂರಪ್ಪ ವ್ಯಾನಿನ ಬಾಗಿಲು ಹಾಕಿ ಮೆತ್ತಗೆ, “ನಮ್ಮನಿಗೂ ಒಂದೀಟು ಇಡ್ರಿ” ಎಂದ.

ಇವತ್ತು ಹಾಡುಹಗಲೇ ಎಲ್ಲರೂ ಶುಚಿಮನೆಗೆ ಹೊರಟಿದ್ದೇವೆ. ಒಳಗಿದ್ದವರೂ ಮೊಸರನ್ನ ಉಣ್ಣುವವರೇ, ಕರೆದುಕೊಂಡೇ ಬರುತ್ತೇವೆ.

ಹಿರಿಯರೇ, ನಿಮ್ಮಲ್ಲಿ ಒಂದು ಬಿನ್ನಹ. ಜಡ್ಡು ಬಂದಾಗ ಮುಖಕ್ಕೆ ಬಟ್ಟೆ ಕಟ್ಟಿಕೊಳ್ಳಿ, ದೂರ ನಿಲ್ಲಿ. ಅದಕ್ಕೆ ನಮ್ಮ ತಕರಾರಿಲ್ಲ. ಆದರೆ ನಿಮ್ಮ ಬಾಗಿಲಿಗೆ ಹೊರಗಿನಿಂದ ಬೀಗ ಹಾಕಲು ಬಂದವನನ್ನು, ಕೀಲಿಕೈ ಯಾವಾಗ ಕೊಡುತ್ತೀ ಎಂದು ಅಲ್ಲೇ ಕೇಳಿಬಿಡಿ. ಆಮೇಲೆ ಕೇಳಿದರಾಯಿತು ಎಂದು ಬಿಟ್ಟವರು ನೀವು. ಕೇಳಲು ನಾವು ಹೊರಟಿದ್ದೇವೆ.

ನೀಲವ್ವ ಕೂಸನ್ನು ಬಗಲಲ್ಲಿ ಎತ್ತಿಕೊಂಡು, “ಲಗೂನ ಬಾ ಸಾವಂತ್ರೀ, ಮಂದಿ ಕಾಯಾಕತ್ತಾರ” ಎನ್ನುತ್ತಿದ್ದಾಳೆ. ಬರಲೇ?