ಮೂಸಂಬಿ ತರುವ ನೆಪ

ಚಾಮರಾಜನಗರ
೧೦ ಫೆಬ್ರವರಿ ೨೦೨೫

ಸೋಮೇಶ್ ಅವರಿಗೆ,

ಹೀಗೆ ಗಂಡನ ಹೆಸರು ಹಿಡಿದು ಬರೆದದ್ದನ್ನು ನಿಮ್ಮ ಅಮ್ಮನಿಗೆ ತೋರಿಸಬೇಡಿ. ಮೆಸೇಜ್ ಮಾಡಬಹುದಿತ್ತು. ಮಾಡಿದರೆ ಒಂದು ಹೆಬ್ಬೆರಳು ಕಳಿಸಿ ಸುಮ್ಮನಾಗುತ್ತೀರಿ.

ಹರದನಹಳ್ಳಿಯ ಮದುವೆಗೆ ಬಂದಿದ್ದ ಅತ್ತೆ ಮೊನ್ನೆ ನನ್ನ ಮನೆಗೂ ಬಂದಿದ್ದರು. ಇಲ್ಲಿನ ಶಾಲೆಯ ಕೆಲಸಕ್ಕೆಂದು ನಾನು ಗುಂಡ್ಲುಪೇಟೆ ಬಿಟ್ಟ ಮೇಲೆ ಇದೇ ಮೊದಲು. ಕಾಫಿ ಕುಡಿಯುತ್ತಾ, ಮಳೆ ಬೆಳೆಯ ಮಾತಿನಂತೆ, ನಿಮ್ಮ ಪ್ರಾಸ್ಟೇಟ್ ಕ್ಯಾನ್ಸರಿನ ವಿಷಯ ಹೇಳಿದರು. ನಾನು ಲೋಟ ಕೆಳಗಿಟ್ಟದ್ದು ನೋಡಿ, "ಗಾಬ್ರಿ ಆಗ್ಬೇಡ ಕಣಮ್ಮಿ. ಆಪರೇಸನ್ ಇಲ್ಲ, ಮಾತ್ರೆ ಇಲ್ಲ, ಬರೀ ನೋಡ್ತಾ ಇರ್ತಾರಂತೆ. ನೋಡಕೆ ಮೈಸೂರಿಗ್ಯಾಕೆ ಓಗ್ಬೇಕು? ಮನೇಲಿ ನಾನೇ ದಿನಾ ನೋಡ್ತಿಲ್ವಾ?" ಎಂದರು. ನಗು ಬಂತು. ಆಮೇಲೆ, ಜನವರಿಯ ರಕ್ತಪರೀಕ್ಷೆಗೆ ನೀವು ಹೋಗಲೇ ಇಲ್ಲ ಎಂದೂ ಹೇಳಿದರು. "ಅರಿಸಿನ ಬೇಯ್ಸೋ ಟೈಮು, ಬುಟ್ಬುಟ್ಟು ಎಂಗೋದಾನು?"

ಪರಿಚಯದ ಡಾಕ್ಟರೊಬ್ಬರನ್ನು ಕೇಳಿದೆ. ಗಡ್ಡೆ ಚಿಕ್ಕದಾಗಿದ್ದು ನಿಧಾನವಾಗಿ ಬೆಳೆಯುವಂಥದ್ದಾದರೆ ಕತ್ತರಿಸದೆ ಕಾಯುವುದು ಒಳ್ಳೆಯ ದಾರಿಯೇ ಅಂತೆ. ಎಷ್ಟೋ ಜನರಿಗೆ ಚಿಕಿತ್ಸೆಯೇ ಬೇಕಾಗುವುದಿಲ್ಲವಂತೆ. ಆದರೆ ಪರೀಕ್ಷೆ ತಪ್ಪಿಸಿದವನು ಕಾಯುತ್ತಿಲ್ಲ, ಮರೆತಿದ್ದಾನೆ ಎಂದರು. ಜಗಳವನ್ನೂ ಆಡದೆ, ನೀವು ಕರೆಯದೆ, ನಾನು ಬಾರದೆ ಕಳೆದ ಈ ನಾಲ್ಕು ವರ್ಷ ನಾವು ಮಾಡಿದ್ದು ಇವೆರಡರಲ್ಲಿ ಯಾವುದು ಎಂದು ಯೋಚಿಸುತ್ತಾ ಮನೆಗೆ ನಡೆದೆ.

ಮುಂದಿನದನ್ನು ಬರೆಯಬೇಕೋ ಬೇಡವೋ ತಿಳಿಯದು. ಆಪರೇಷನ್ ಆಗಿದ್ದರೆ ಎಂದು ಒಂದು ಕ್ಷಣ ಆಸೆಪಟ್ಟೆ. ಆಪರೇಷನ್ ಆದವರನ್ನು ನೋಡಲು ನಮ್ಮ ಜನ ಬ್ರೆಡ್ಡು, ಮೂಸಂಬಿ ಹಿಡಿದು ಹೋಗುತ್ತಾರೆ. ಮಾತು ಬಿಟ್ಟವರೂ ಹೋಗುತ್ತಾರೆ, ಯಾಕೆ ಬಂದೆ ಎಂದು ಯಾರೂ ಕೇಳುವುದಿಲ್ಲ. ನಾನೂ ಬರಬಹುದಿತ್ತು. ಮಂಚದ ಪಕ್ಕ ಸ್ಟೂಲಿನಲ್ಲಿ ಕೂತು ನಿಮಗಿಷ್ಟವಿಲ್ಲದ ಗಂಜಿ ಕುಡಿಸಬಹುದಿತ್ತು. ಓಡಾಡಿಕೊಂಡು ಅರಿಶಿನ ಬೇಯಿಸುತ್ತಿರುವವನ ಮನೆಗೆ ಯಾವ ಹಣ್ಣು ಹಿಡಿದು ಬರಲಿ? ಗಂಡನಿಗೆ ಕತ್ತರಿ ತಾಗಲಿ ಎಂದು ಬಯಸುವವಳು ಎಂಥ ಹೆಂಗಸು ಎಂದು ನನ್ನನ್ನೇ ಕೇಳಿಕೊಂಡೆ.

ಈ ತಿಂಗಳು ರಸ್ತೆಯಲ್ಲಿ ಅರಿಶಿನದ ಲಾರಿ ಹೋದಾಗಲೆಲ್ಲ ಕಿಟಕಿಗೆ ಹೋಗುತ್ತೇನೆ. ನಿಮ್ಮ ಅಂಗಿಯ ಕಾಲರು ಎಷ್ಟು ಉಜ್ಜಿದರೂ ಹಳದಿ ಬಿಡುತ್ತಿರಲಿಲ್ಲ, ಬೈಯುತ್ತಿದ್ದೆ. ಅಂಥದೊಂದು ಅಂಗಿ ನನ್ನ ಬಟ್ಟೆಗಳ ಜೊತೆ ಬಂದುಬಿಟ್ಟಿದೆ. ಅದನ್ನು ಇದುವರೆಗೂ ಒಗೆದಿಲ್ಲ.

ಪರೀಕ್ಷೆಗೆ ಹೋಗಿ. ಒಬ್ಬರೇ ಹೋಗಲು ಭಯವಾಗಿದ್ದರೆ ಅದನ್ನು ಅರಿಶಿನದ ಮೇಲೆ ಹಾಕಬೇಡಿ.

ಇಂತಿ,
ಸುಧಾಮಣಿ

ಮ.ವಿ: ಮೈಸೂರಿನ ಆಸ್ಪತ್ರೆಗೆ ನಾನೇ ಫೋನ್ ಮಾಡಿ ಮುಂದಿನ ಮಂಗಳವಾರ, ಹದಿನೆಂಟನೇ ತಾರೀಕಿಗೆ, ಸಮಯ ತೆಗೆದುಕೊಂಡಿದ್ದೇನೆ. ಪೇಷೆಂಟಿಗೆ ನೀವೇನಾಗಬೇಕು ಎಂದು ಕೇಳಿದರು. ಹೆಂಡತಿ ಎಂದೆ. ನಿಮ್ಮ ಬಸ್ಸೂ ನನ್ನ ಬಸ್ಸೂ ನಂಜನಗೂಡಿನ ಮೇಲೆಯೇ ಹೋಗುತ್ತವೆ. ಅಲ್ಲಿ ಇಳಿದು ನಿಂತಿರುತ್ತೇನೆ. ಕೈಯಲ್ಲಿ ಮೂಸಂಬಿ ಇರುವುದಿಲ್ಲ.