ವಾಲ್ವಿನ ಮೇಲೆ ಇಟ್ಟ ಗುಂಡುಕಲ್ಲು

ಮಧುಗಿರಿ, ೧೧ ಜನವರಿ ೧೯೩೮, ಮಂಗಳವಾರ

ಒಂದೇ ಬಾಯ್ಲರಿನಿಂದ ಬೀದಿಯ ಏಳು ಮನೆಗಳ ಬಚ್ಚಲಿಗೆ ಬಿಸಿನೀರು ಹರಿಸುವ ಇವರ ಸಂಶೋಧನೆಯನ್ನು ಎಷ್ಟು ಹೊಗಳಿದ್ದೆ! ನನ್ನ ಗಂಡನಂಥ ಇಂಜಿನಿಯರು ಲೋಕದಲ್ಲೇ ಇಲ್ಲವೆಂದು, ಮದುವೆಯಾದ ಎರಡೇ ತಿಂಗಳಲ್ಲಿ, ಗೆಳತಿಯರಿಗೆಲ್ಲ ಕಾಗದ ಬರೆದಿದ್ದೆ. ಇವತ್ತು ಆ ಬಾಯ್ಲರು ಸಿಡಿಯಿತು. ಅದರ ಬೆಂಕಿ ನೋಡಿಕೊಳ್ಳುತ್ತಿದ್ದ ಗಂಗಹನುಮಯ್ಯನ ಮುಖ, ಎದೆ ಬೆಂದುಹೋಗಿವೆ. ಬೆಳಗಿನವರೆಗೆ ಉಳಿಯುವುದು ಕಷ್ಟವೆಂದರು ಡಾಕ್ಟರು.

ಹೆಚ್ಚಾದ ಉಗಿಯನ್ನು ಹೊರಬಿಡುವ ವಾಲ್ವು ಬುಸುಗುಟ್ಟಿದಾಗಲೆಲ್ಲ ಬಾಣಂತಿ ನಾದಿನಿಯ ಕೂಸು ಬೆಚ್ಚಿ ಅಳುತ್ತಿತ್ತು. ಬೆಳಿಗ್ಗೆ ನಾನೇ ಹೋಗಿ, "ಈ ಸದ್ದು ನಿಲ್ಲಿಸೋಕಾಗಲ್ವಾ?" ಎಂದೆ.

"ಅದಕ್ಕೇನಂತೆ ಅಮ್ಮಣ್ಣಿ, ಅದರ ಬಾಯಿ ಮುಚ್ಚಿಸ್ಬುಡ್ತೀನಿ. ಕೂಸು ಮಲಿಕ್ಕಳ್ಳಿ," ಎಂದು ಗಂಗಹನುಮಯ್ಯ ನಕ್ಕ. ನಮ್ಮ ಒರಳಿನ ಗುಂಡುಕಲ್ಲು ಕೇಳಿದ. ಕೊಟ್ಟೆ. ವಾಲ್ವಿನ ಮೇಲೆ ಅದನ್ನಿಟ್ಟು ಸದ್ದಡಗಿಸಿದಾಗ ಚಪ್ಪಾಳೆ ತಟ್ಟಿದೆ.

ಇವರು ಪಕ್ಕದ ಕೋಣೆಯಲ್ಲಿ ನಕ್ಷೆಗಳನ್ನು ಹರಡಿಕೊಂಡು ಕೂತಿದ್ದಾರೆ. "ನಾನೆಲ್ಲಿ ತಪ್ಪಿದೆ ಕಣೇ? ತಗಡು ತೆಳುವಾಯ್ತಾ?" ಎಂದು ಆಗಲೇ ಕೇಳಿದರು. ಅವರ ತಲೆ ನೇವರಿಸಿ, ಇಲ್ಲಿ ಬಂದು ಬರೆಯಲು ಕೂತೆ.

ನಾಳೆ ಬೆಳಿಗ್ಗೆ ಅತ್ತೆ ರುಬ್ಬಲು ಕೂತರೆ ಗುಂಡುಕಲ್ಲು ಎಲ್ಲಿ ಎನ್ನುತ್ತಾರೆ. ಅದಕ್ಕೂ ಮೊದಲು ಇವರಿಗೆ ಹೇಳಬೇಕು. ಈಗಲೇ ಎದ್ದು ಹೋಗಿ ಹೇಳಿಬಿಡುತ್ತೇನೆ.