ಕೆಂಚಿಯ ಹಲ್ಲು, ಅಣ್ಣನ ಸಹಿ

ಅಣ್ಣಾ,

ಮನೀ ಮಂದಿಗೆಲ್ಲಾ ಜಾಹೀರು ಮಾಡೋದೇನಂದ್ರ, ಪಡಸಾಲಿ ಗೂಟಕ್ಕಿದ್ದ ಚಾಬೂಕು ಇಂದಿನಿಂದ ರಜಾ ಮ್ಯಾಲ ಹೋಗೇತಿ. ಹುಡುಕಬ್ಯಾಡ.

ಟಾಂಗಾಕ್ಕ ಹೂಡಿದ್ರ ಕೆಂಚಿ ಕುದುರಿ ಮುಂಗಾಲು ಎತ್ತತೈತಿ, ಲಗಾಮು ಜಗ್ಗಿದ್ರ ಕಚ್ಚಾಕ ಬರತೈತಿ. "ಹಣಿ ಮ್ಯಾಲ ಕೆಟ್ಟ ಸುಳಿ ಐತಿ, ಬರೂ ಸಂತ್ಯಾಗ ಮಾರಿಬಿಡ್ತೇನಿ" ಅಂದಿ. ಆ ಸುಳಿ ಹುಟ್ಟಿದಾಗಿಂದ ಐತಿ. ಎಂಟು ವರ್ಷ ಸುಮ್ಮನಿದ್ದದ್ದು ಈ ದೀಪಾವಳಿಗೆ ಕಚ್ಚಾಕ ಕಲಿತೇನು? ಅದು ಸುಳಿ ಅಲ್ಲಪಾ, ಸುಳ್ಳು.

ಗ್ವಾದಲ್ಯಾಗ ಬಗ್ಗಿ ನೋಡು. ಅಗದು ಉಗುಳಿದ ಹುಲ್ಲು ಉಂಡಿ ಉಂಡಿ ಬಿದ್ದೈತಿ. ಕೆಟ್ಟಿದ್ದು ಹುಲ್ಲಲ್ಲ, ಹಲ್ಲು. ಲಗಾಮಿನ ಕಬ್ಬಿಣ ಬಡದಾಗೆಲ್ಲಾ ಅದಕ್ಕ ಜೀವ ಹೋದಂಗಾಗತೈತಿ, ನೀ ಮ್ಯಾಲ ಚಾಬೂಕಿಲೆ ಬಾರಸ್ತಿ.

ಪಲ್ಟನ್ನಾಗ ಕುದುರಿಗೆ ಔಷಧಾ ಮಾಡ್ತಿದ್ದ ಡಾಕ್ಟರು ಇವತ್ತೊಂದ ದಿನ ಹಾನಗಲ್ಲಾಗ ಇರ್ತಾರ. ನೀ ಏಳೂದ್ರಾಗ ಕೆಂಚಿನ ನಡಿಸ್ಕೊಂಡು ಹೋಗಬೇಕಂತ ಹಗ್ಗಾ ಬಿಚ್ಚಿದ್ದೆ. ಅಷ್ಟ್ರಾಗ ನಾ ನಿನ್ನೆ ಹೇಳಿ ಕಳಿಸಿದ್ದಕ್ಕ ಅವರ ಚೀಟಿ ಬಂತು. ಮಾಲಕ ಸಹಿ ಮಾಡೂ ತನಕ ಹಲ್ಲಿಗೆ ಕೈ ಹಚ್ಚಾಂಗಿಲ್ಲಂತ. ಕಾಗದದಾಗ ಮಾಲಕ ನೀ.

ಹಗ್ಗಾ ಮತ್ತ ಕಟ್ಟೇನಿ. ಹುರಳಿ ಮೆತ್ತಗ ಕುದಿಸಿಟ್ಟೇನಿ, ಆರಿದ ಮ್ಯಾಲ ಹಾಕು. ಲಗಾಮು ಹಾಕಬ್ಯಾಡ.

ನಾ ಒಬ್ಬನ ಹೊಂಟೇನಿ. ಮಧ್ಯಾನ್ನದ ತನಕ ಡಾಕ್ಟರನ್ನ ಮಾತಿನಾಗ ಕಟ್ಟಿಹಾಕತೇನಿ. ಮನಸಾದ್ರ ಕೆಂಚಿನ ಹಿಡ್ಕೊಂಡು ಬಾ.

ದೀಪಾವಳಿಯಿಂದ ದಿನಾ ಹೊಡದಿ, ಅದಕ್ಕ ಯಾರೂ ನಿನ್ನ ಸಹಿ ಕೇಳ್ಲಿಲ್ಲ. ಹಲ್ಲು ನೋಡಾಕ ಬೇಕಂತ.

ಚನವೀರ